ಕಸ ಹಗುರ, ಅದರೊಳಗಿನ ನೀರು ಭಾರ

ಸಂಕ್ರಾಂತಿಗೆ ಹಾವೇರಿ ಸೀಮೆಯ ಮಂದಿ ಹೊಳೆಗೆ ಹೋಗುತ್ತಾರೆ. ಅರೆದ ಎಳ್ಳು ಮೈಗೆ ಹಚ್ಚಿ ಮುಳುಗು ಹಾಕಿ, ದಂಡೆಯ ಮೇಲೆ ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಉಂಡು ಸಂಜೆಗೆ ಮನೆ ಸೇರುತ್ತಾರೆ. ಮರುದಿನ ಕರಿ. ಕರಿಯ ದಿನ ಒಳ್ಳೆಯ ಕೆಲಸಕ್ಕೆ ಕೈ ಹಾಕಬಾರದು ಅನ್ನುತ್ತಾರೆ; ಕಸದ ಕೆಲಸಕ್ಕೆ ಆ ಅಡ್ಡಿಯಿಲ್ಲ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಅವತ್ತು ಬೆಳಗ್ಗೆ ಏಳಕ್ಕೆ ಹೊಳೆಯ ಕಸ ಎತ್ತಲು ಎರಡು ಕಯಾಕ್ (ಹುಟ್ಟು ಹಾಕಿ ಸಾಗಿಸುವ ಕಿರಿದಾದ ದೋಣಿ) ಮತ್ತು ಊರಿನ ಒಬ್ಬ ಮೀನುಗಾರರ ಹರಿಗೋಲು ನೀರಿಗಿಳಿದವು.

ದಿನದ ಲೆಕ್ಕವನ್ನೆಲ್ಲ ಆ ಮೀನುಗಾರರೇ ಒಂದು ಮಾತಿನಲ್ಲಿ ಮುಗಿಸಿದರು. ಹೊಸಬ ಹುಡುಗನೊಬ್ಬ ತುಂಬಿದ ಕರಿ ಪ್ಲಾಸ್ಟಿಕ್ ಚೀಲ ಎಳೆದು ಹರಿಗೋಲಿಗೆ ಹಾಕಲು ಬಂದಾಗ ಅದನ್ನು ಎತ್ತಿ ನೋಡಿ, "ಏನ್ರೀ ತಮ್ಮಾ, ಕಸಾ ಒಯ್ಯಾಕತ್ತೀರೋ, ಹೊಳಿ ನೀರು ಒಯ್ಯಾಕತ್ತೀರೋ?" ಅಂದರು. ಹೊಳೆಯ ಕಸ ಎತ್ತುವಾಗ ಸೋಲುವುದು ಇಲ್ಲೇ. ಒಂದು ಲೀಟರ್ ನೀರಿನ ಖಾಲಿ ಬಾಟಲಿ ತೂಗುವುದು ಸುಮಾರು 20ರಿಂದ 25 ಗ್ರಾಂ. ನೂರು ಬಾಟಲಿ ಕೂಡಿಸಿದರೂ ಎರಡು, ಎರಡೂವರೆ ಕಿಲೋ. ಅದೇ ಇಪ್ಪತ್ತು ಬಾಟಲಿಯಲ್ಲಿ ಅರ್ಧರ್ಧ ಲೀಟರ್ ರಾಡಿ ನೀರು ಉಳಿದಿದ್ದರೆ ಹತ್ತು ಕಿಲೋ ಸುಮ್ಮನೆ ಏರಿತು.

ಹತ್ತು ಕಿಲೋ ಅಂದರೆ ದೋಣಿಗೆ ಏನು ಅನ್ನುವುದಕ್ಕೆ ಸಣ್ಣ ಗಣಿತ ಸಾಕು. ಒಬ್ಬರು ಕೂರುವ, ಮೇಲ್ಭಾಗ ತೆರೆದ 10 ಅಡಿ ಕಯಾಕಿನ ಮೇಲೆ 125 ಕಿಲೋ ತಡೆಯುತ್ತದೆ ಅಂತ ಬರೆದಿದೆ ಅನ್ನಿ. ಅದು ಮುಳುಗದಿರುವ ಮಿತಿ, ನೆಟ್ಟಗೆ ಸಾಗುವ ಮಿತಿಯಲ್ಲ. ಅದರ ಶೇಕಡಾ 70ಕ್ಕೆ ನಿಲ್ಲಿಸುವುದು ಒಳ್ಳೆಯದು: 87 ಕಿಲೋ. ಹುಟ್ಟು ಹಾಕುವವರ ತೂಕ 70, ಜಾಕೆಟ್, ಕುಡಿಯುವ ನೀರು, ಸಾಮಾನು ಸೇರಿ ಐದು. ಕಸಕ್ಕೆ ಉಳಿಯುವುದು ಹನ್ನೆರಡೇ ಕಿಲೋ. ಒಣ ಬಾಟಲಿಯಾದರೆ ಚೀಲಗಟ್ಟಲೆ ಹಿಡಿಯುವ ಜಾಗವನ್ನು ಅರ್ಧ ನೀರು ತುಂಬಿದ ಎರಡು ಡಜನ್ ಬಾಟಲಿ ತಿಂದುಹಾಕುತ್ತವೆ.

ಹೀಗಾಗಿ ಮೊದಲು ಸರಿಪಡಿಸಬೇಕಾದದ್ದು ಚೀಲ. ಅಂಗಡಿಯಲ್ಲಿ ಸಿಗುವ ಕರಿ ಕಸದ ಚೀಲ ಹೊಳೆಗೆ ಬೇಡ. ಜಾಲಿ ಮುಳ್ಳು ತಗುಲಿದರೆ ಸೀಳುತ್ತದೆ, ಸೀಳದಿದ್ದರೆ ನೀರು ಹಿಡಿದು ಕೂರುತ್ತದೆ. ರಸಗೊಬ್ಬರದ ಚೀಲ ಗಟ್ಟಿ, ಆದರೆ ನೀರು ನಿಧಾನ ಇಳಿಯುತ್ತದೆ. ಅದನ್ನು ಒಡೆದ ಗಾಜು, ಬಟ್ಟೆ, ಚಪ್ಪಲಿಗೆ ಇಡುತ್ತೇವೆ. ಬಾಟಲಿ, ಲೋಟ, ತಟ್ಟೆಗೆ ಉಳ್ಳಾಗಡ್ಡಿಯ ಕೆಂಪು ಜಾಳಿಗೆ ಚೀಲವನ್ನು ಮೀರಿಸಿದ್ದಿಲ್ಲ. ಹುಬ್ಬಳ್ಳಿ, ಗದಗ ಮಾರುಕಟ್ಟೆಯ ಸುತ್ತ ಹಳೆಯವು ಕಡಿಮೆ ದುಡ್ಡಿಗೆ ಸಿಗುತ್ತವೆ. ಎತ್ತಿದ ಕೂಡಲೇ ನೀರು ಸೋರಿ, ಒಳಗೇನಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ತೊಂದರೆ ಒಂದೇ: ಶಾಂಪೂ, ಗುಟ್ಕಾ ಪೊಟ್ಟಣಗಳು ಕಣ್ಣಿಯಿಂದ ನುಸುಳಿ ಮತ್ತೆ ಹೊಳೆಗೇ ಬೀಳುತ್ತವೆ. ಅವುಗಳಿಗೆ 20 ಲೀಟರಿನ ಪೇಂಟಿನ ಡಬ್ಬಿ. ತಳಕ್ಕೂ, ತಳದಿಂದ ನಾಲ್ಕು ಬೆರಳು ಮೇಲೆ ಸುತ್ತಲೂ 4 ಮಿಲಿಮೀಟರ್ ತೂತು ಕೊರೆದು ಕಾಲುಗಳ ನಡುವೆ ಇಟ್ಟುಕೊಳ್ಳುವುದು. ತೂತು ಇನ್ನೂ ದೊಡ್ಡದಾದರೆ ಪೊಟ್ಟಣದ ಹರಿದ ಮೂಲೆಗಳು ಸಿಕ್ಕಿ ಮುಚ್ಚಿಕೊಳ್ಳುತ್ತವೆ, ಚಿಕ್ಕದಾದರೆ ಕೆಸರೇ ಮುಚ್ಚುತ್ತದೆ. ಏನೇ ಎತ್ತಿದರೂ ಮೊದಲು ಡಬ್ಬಿಗೆ. ಅಲ್ಲಿ ನೀರಿಳಿದ ಮೇಲೆ ಚೀಲಕ್ಕೆ.

ಬಾಟಲಿಗೆ ಬೇರೆ ಕ್ರಮ ಇದೆ. ಮುಚ್ಚಳ ಬಿಚ್ಚು, ಬಾಯಿ ಕೆಳಗೆ ಮಾಡಿ ಹೊಳೆಯ ಮೇಲೇ ಹಿಡಿ, ಗಳಗಳ ನಿಂತ ಮೇಲೆ ಒಮ್ಮೆ ಹಿಂಡು, ಅಡ್ಡಲಾಗಿ ಚಪ್ಪಟೆ ಮಾಡಿ ಮುಚ್ಚಳ ಮತ್ತೆ ಬಿಗಿ. ಮುಚ್ಚಳ ಬಿಗಿಯದಿದ್ದರೆ ಬಾಟಲಿ ಗಾಳಿ ಎಳೆದುಕೊಂಡು ಮತ್ತೆ ಉಬ್ಬುತ್ತದೆ. ಒಳಗಿರುವುದು ಹಳದಿ ನೀರಾದರೆ ಮುಚ್ಚಳ ಬಿಚ್ಚುವ ಉಸಾಬರಿ ಬೇಡ. ಅದು ಮೂತ್ರ, ಲಾರಿಯವರು ರಸ್ತೆಯಲ್ಲಿ ಎಸೆದದ್ದು ಹಳ್ಳದ ದಾರಿ ಹಿಡಿದು ಹೊಳೆಗೂ ಬರುತ್ತದೆ. ಅದನ್ನು ಹಾಗೇ ಗೊಬ್ಬರದ ಚೀಲಕ್ಕೆ ಹಾಕುವುದು.

ಎಲ್ಲಿ ಹುಡುಕಬೇಕು ಅನ್ನುವುದನ್ನು ಪ್ಲಾಸ್ಟಿಕ್ಕಿನ ಜಾತಿಯೇ ಹೇಳುತ್ತದೆ. ಬಾಟಲಿಯ ಪ್ಲಾಸ್ಟಿಕ್ ನೀರಿಗಿಂತ ಭಾರ, ಮುಚ್ಚಳದ್ದು ಹಗುರ. ಮುಚ್ಚಳ ಬಿಗಿದ ಬಾಟಲಿ ಒಳಗಿನ ಗಾಳಿಯಿಂದ ತೇಲಿ ದೂರ ಹೋಗುತ್ತದೆ. ಮುಚ್ಚಳ ಬಿಟ್ಟದ್ದು ನೀರು ಕುಡಿದು ಅಲ್ಲೇ ತಳ ಸೇರುತ್ತದೆ. ಘಾಟಿನ ಕೆಳಗಡೆ ಮೊಣಕಾಲುದ್ದ ನೀರಲ್ಲಿ ಬಾಟಲಿ, ನೂರು ಮಾರು ಆಚೆ ಸುಳಿಯಲ್ಲಿ ಬರೀ ಮುಚ್ಚಳ, ಥರ್ಮೋಕೋಲ್, ಹವಾಯಿ ಚಪ್ಪಲಿ. ಕೈಚೀಲ ಹಗುರವೇ, ಆದರೆ ಮಡಿಕೆಯಲ್ಲಿ ಮರಳು ತುಂಬಿತೋ, ಅರ್ಧ ಮುಳುಗಿ ಬೇರಿಗೆ ತೊಡರುತ್ತದೆ. ಹೊಳೆ ತಿರುಗುವಲ್ಲಿ ಒಳಬದಿಯ ನಿಧಾನ ನೀರು, ಬಂಡೆಯ ಹಿಂಬದಿ, ಆಪು ಹುಲ್ಲಿನ ಅಂಚು, ಈ ಮೂರು ಕಡೆ ನೋಡಿದರೆ ಬಹುಪಾಲು ಮುಗಿಯಿತು. ನಡು ಹೊಳೆಯಲ್ಲಿ ಒಂಟಿ ಬಾಟಲಿ ಬೆನ್ನಟ್ಟುವುದು ಹುಟ್ಟು ಸವೆಸುವ ಕೆಲಸ.

ಮೊದಲು ಮೇಲಕ್ಕೆ, ಖಾಲಿ ದೋಣಿಯಲ್ಲಿ. ಜನವರಿಯಲ್ಲಿ ತುಂಗಭದ್ರೆಯ ಸೆಳವು ಅಷ್ಟಿರುವುದಿಲ್ಲ, ದಂಡೆಗೆ ಒತ್ತಿ ಹೋದರೆ ಇನ್ನೂ ಕಡಿಮೆ. ಚೌಡಯ್ಯದಾನಪುರದ ದಿಕ್ಕಿಗೆ ಎರಡು ಕಿಲೋಮೀಟರ್ ಏರಿ (ಅಂಬಿಗರ ಚೌಡಯ್ಯನ ಹೊಳೆ ಇದು, ಹುಟ್ಟಿಗೆ ಇಲ್ಲಿ 12ನೇ ಶತಮಾನದಿಂದಲೂ ಗೌರವ ಇದೆ), ಎಲ್ಲೆಲ್ಲಿ ಕಸ ಇದೆ ಅಂತ ನೋಡಿಕೊಂಡು, ಇಳಿಯುವಾಗ ಎತ್ತುತ್ತ ಬರುವುದು. ಭಾರ ಏರಿದ ಮೇಲೆ ಹೊಳೆಯೇ ತಳ್ಳಬೇಕು. ಹರಿಗೋಲು ಹಿಂದೆ. ಒಂದು ಚೀಲ ತುಂಬುತ್ತಲೇ ಅದಕ್ಕೆ ದಾಟಿಸಿಬಿಡುತ್ತೇವೆ. ಗುಂಡನೆಯ ಅಗಲ ತಳಕ್ಕೆ ಭಾರ ಲೆಕ್ಕವಿಲ್ಲ, ಗೇಣುದ್ದ ನೀರಿದ್ದರೂ ಸಾಗುತ್ತದೆ.

ಕಯಾಕಿನಲ್ಲಿ ಚೀಲದ ಜಾಗ ಆಸನದ ಹಿಂದಿನ ತಗ್ಗು. ಎರಡನೆಯದು ಬೇಕೇ ಬೇಕಾದರೆ ಕಾಲಿನ ಮುಂದೆ, ಹಗುರವಾದದ್ದು ಮಾತ್ರ. ಮೂತಿ ಭಾರವಾದರೆ ದೋಣಿ ಹೇಳಿದ ಮಾತು ಕೇಳುವುದಿಲ್ಲ, ಪ್ರತಿ ಹುಟ್ಟಿಗೂ ಓರೆಯಾಗುತ್ತದೆ. ಚೀಲ ಭುಜದೆತ್ತರಕ್ಕೆ ಏರಬಾರದು. ಹನ್ನೊಂದರ ಹೊತ್ತಿಗೆ ಮೂಡಗಾಳಿ ಎದ್ದರೆ ಎರಡೇ ಕಿಲೋ ತೂಗುವ ಬಾಟಲಿ ಚೀಲವೂ ಗಾಳಿ ಹಿಡಿದು ದೋಣಿಯನ್ನು ಅಡ್ಡ ಮಾಡುತ್ತದೆ. ಕಟ್ಟುವ ಹಗ್ಗ ಮೊಳಕ್ಕಿಂತ ಉದ್ದ ಬೇಡ, ಬಾಲ ಎಳೆದರೆ ಬಿಚ್ಚುವ ಗಂಟೇ ಇರಲಿ, ಮೈಗಂತೂ ಹಗ್ಗ ತಾಗಕೂಡದು. ಚೀಲವನ್ನು ನೀರಲ್ಲೇ ಬಿಟ್ಟು ಎಳೆದುಕೊಂಡು ಬರುವವರಿದ್ದಾರೆ. ಅದು ಕಲ್ಲಿಗೆ ಸಿಕ್ಕಿದ ಗಳಿಗೆಯಲ್ಲಿ ದೋಣಿ ತಿರುಗಿ ಸೆಳವಿಗೆ ಅಡ್ಡಲಾಗುತ್ತದೆ.

ಹೊಳೆಗೆ ಬಾಗಿದ ಜಾಲಿಯ ಟೊಂಗೆಗಳೇ ಅತಿ ಹೆಚ್ಚು ಕಸ ಹಿಡಿಯುತ್ತವೆ, ಅತಿ ಹೆಚ್ಚು ಅಪಾಯವೂ ಅಲ್ಲೇ. ಟೊಂಗೆಯ ನಡುವೆ ನೀರು ನುಸುಳುತ್ತದೆ, ಮನುಷ್ಯ ನುಸುಳುವುದಿಲ್ಲ. ಮೇಲಿನಿಂದ ಬಂದು ಟೊಂಗೆಗೆ ದೋಣಿ ಒರಗಿಸಿದರೆ ಸೆಳವು ಅಂಚನ್ನು ಒತ್ತಿ ಮಗುಚಿ, ಕೂತವರನ್ನು ಟೊಂಗೆಯ ಕೆಳಗೆ ತುರುಕುತ್ತದೆ. ಯಾವಾಗಲೂ ಟೊಂಗೆಗಿಂತ ಕೆಳಗೆ ಹೋಗಿ, ಮೂತಿ ಸೆಳವಿಗೆ ಎದುರು ಮಾಡಿ ಕೆಳಗಿನಿಂದಲೇ ಹತ್ತಿರ ಸರಿಯಬೇಕು. ಕೈ ತಪ್ಪಿದರೆ ನೀರು ಹೊರಗೆ ತಳ್ಳುತ್ತದೆ, ಒಳಕ್ಕಲ್ಲ. ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಬೇಕು. ಚಳಿಯ ಬೆಳಗ್ಗೆ ಕಸದ ರಾಶಿಯ ಮೇಲೆ ಹಾವು ಬಿಸಿಲಿಗೆ ಮಲಗಿರುತ್ತದೆ. ಕೋಲು ಅಂದರೆ ಐದಡಿಯ ಬಿದಿರು, ತುದಿಗೆ ಬಗ್ಗಿಸಿದ ದಪ್ಪ ತಂತಿಯ ಕೊಕ್ಕೆ. ಪೇಟೆಯ ಚಿಮುಟದ ಕೋಲು ಒಂದು ದಿನ ಮರಳು ಕಂಡರೆ ಹಲ್ಲು ಕಚ್ಚಿ ಕೂರುತ್ತದೆ.

ಅವತ್ತು ಹೆಚ್ಚು ಹೊತ್ತು ತಿಂದದ್ದು ಒಂದು ಸೀರೆ. ಹಸಿರು ಬಣ್ಣ, ಅಂಚು ಮಾಸಿ ಬೇರಿನ ಬಣ್ಣಕ್ಕೇ ತಿರುಗಿತ್ತು. ಅರ್ಧ ಹೊಂಗೆಯ ಬೇರಿಗೆ ಸುತ್ತಿ, ಅರ್ಧ ಮರಳಲ್ಲಿ ಹೂತು, ಮಡಿಕೆಯಲ್ಲಿ ಸಣ್ಣ ಬಸವನಹುಳುಗಳು. ಹೊಳೆಯಲ್ಲಿ ಮಿಂದು ಉಟ್ಟ ಬಟ್ಟೆ ಅಲ್ಲೇ ಬಿಡುವ ಪದ್ಧತಿಯಿಂದ ಸಂಗಮಗಳಲ್ಲಿ ಬಟ್ಟೆ ಬಹಳ. ಇದನ್ನು ದೋಣಿಯಲ್ಲಿ ಕೂತು ಎಳೆಯಲೇಬಾರದು. ಬಟ್ಟೆ ಜಗ್ಗಿದಷ್ಟೂ ಜಗ್ಗದೆ, ಒಮ್ಮೆಲೇ ಬಿಟ್ಟುಕೊಡುತ್ತದೆ. ಎಳೆದವರು ಬೆನ್ನ ಮೇಲೆ ನೀರಿಗೆ. ದಂಡೆಗೆ ಹತ್ತಿ, ಕಾಲೂರಿ, ಕುಡುಗೋಲಿನಿಂದ ಬೇರಿನ ಬಳಿ ಕೊಯ್ದು, ತುಂಡು ತುಂಡಾಗಿ ಎಳೆದು, ಮರಳು ಜಾಡಿಸಿ, ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಿ, ಅಲ್ಲೇ ಬಂಡೆಯ ಮೇಲೆ ಹರವಿ ಬರುವುದು. ಹೋಗುವ ಮುನ್ನ ಹರಿಗೋಲು ಆರಿದ್ದನ್ನು ಎತ್ತಿಕೊಳ್ಳುತ್ತದೆ.

ಎತ್ತದೆ ಬಿಡುವುದೂ ತಿಳಿದಿರಬೇಕು. ಬಾಳೆಎಲೆ, ತೆಂಗಿನ ಚಿಪ್ಪು, ದಾರದಲ್ಲಿ ಕಟ್ಟಿದ ಹೂವು ಕೊಳೆಯುವಂಥವು. ಅದಕ್ಕೆ ದೋಣಿಯ ಜಾಗ ಕೊಡುವುದಿಲ್ಲ. ಗಾಜು ಒಡೆದ ದೇವರ ಪಟಗಳನ್ನು ಕಸದ ಜೊತೆ ಬೆರೆಸದೆ ಬೇರೆ ಚೀಲದಲ್ಲಿಟ್ಟು ಊರವರಿಗೆ ತೋರಿಸಿಯೇ ಒಯ್ಯುವುದು. ಚೌಕಟ್ಟು, ಗಾಜು ಬೇರ್ಪಡಿಸಲು ಅವರು ಬೇಡ ಅಂದದ್ದಿಲ್ಲ. ಗೂಟಕ್ಕೆ ಕಟ್ಟಿ ಬೆಂಡು ಸಾಲಾಗಿ ತೇಲುತ್ತಿದ್ದರೆ ಅದು ಯಾರದೋ ಅನ್ನದ ಬಲೆ, ಹತ್ತಿರ ಸುಳಿಯಬೇಡಿ. ಬೆಂಡಿಲ್ಲದೆ, ಪಾಚಿ ಹಿಡಿದು, ಮುದ್ದೆಯಾಗಿ ಬೇರಿಗೆ ಸಿಕ್ಕಿದ್ದೇ ಬಿಟ್ಟ ಬಲೆ. ಅದಕ್ಕೂ ಮೀನುಗಾರರನ್ನು ಕೇಳಿಯೇ ಕತ್ತರಿ. ತಂಗೂಸಿ (ನೈಲಾನ್) ಎಳೆ ಬೆರಳನ್ನು ಕೊಯ್ಯುತ್ತದೆ, ರಬ್ಬರ್ ಲೇಪದ ಕೈಗವಸು ಇಲ್ಲದೆ ಮುಟ್ಟಬೇಡಿ.

ಪಂಪ್‌ಸೆಟ್ ಇರುವಲ್ಲಿ ಎರಡು ಎಚ್ಚರ. ಒಂದು, ದಂಡೆಯ ಹುಲ್ಲಿನಲ್ಲಿ ಬಿದ್ದ ಕೇಬಲ್. ಜೋಡಣೆಗೆ ಬರೀ ಟೇಪು ಸುತ್ತಿರುತ್ತಾರೆ. ಕಸ ಅಂತ ತಂತಿಗೆ ಕೊಕ್ಕೆ ಹಾಕಿದರೆ ಮುಗಿಯಿತು. ಇನ್ನೊಂದು ಕೀಟನಾಶಕದ ಬಾಟಲಿ. ಹತ್ತಿ, ಮೆಣಸಿನಕಾಯಿ, ಗೋವಿನಜೋಳದ ಸೀಮೆ, ಔಷಧ ಕಲಸುವುದು ನೀರಿನ ಬಳಿಯೇ. ಚೀಟಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಚೀಟಿ ಹೋಗಿದ್ದರೆ ಕೆಂಪೇ ಅಂದುಕೊಳ್ಳಿ. ಇವನ್ನು ಹಿಂಡುವುದಿಲ್ಲ, ಹೊಳೆಯ ಮೇಲೆ ಬಗ್ಗಿಸುವುದಂತೂ ಇಲ್ಲವೇ ಇಲ್ಲ. ಮುಚ್ಚಳವಿದ್ದರೆ ಬಿಗಿದು, ಇಲ್ಲದಿದ್ದರೆ ಬಾಯಿ ಮೇಲೆ ಮಾಡಿ, ಮುಚ್ಚುವ ಬಕೆಟ್ಟಿನಲ್ಲಿ ನಿಲ್ಲಿಸಿ ಒಯ್ಯುವುದು. ಆ ಹಳದಿ ನೀರಿನ ಬಾಟಲಿ ಬಿಟ್ಟರೆ, ನೀರು ಹೊತ್ತು ಒಯ್ಯುವುದು ಸರಿ ಅನ್ನಿಸುವುದು ಇದೊಂದಕ್ಕೇ. ಸಿರಿಂಜು, ಬ್ಲೇಡು ಸಿಕ್ಕರೆ ಗಟ್ಟಿ ಆಯಿಲ್ ಡಬ್ಬಿಗೆ.

ಹೊಳೆಯ ಹದವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮಳೆಗೆ ಇಲ್ಲಿ ನೀರೇರುತ್ತದೆ, ಆಕಾಶ ತಿಳಿಯಾಗಿದ್ದರೂ. ಬೇಸಿಗೆಯಲ್ಲಿ ಹಾವೇರಿ, ಗದಗಿನ ಕುಡಿಯುವ ನೀರಿಗೆಂದು ಭದ್ರಾ ಜಲಾಶಯದಿಂದ ಬಿಟ್ಟಾಗಲೂ ಅಷ್ಟೇ. ಸುದ್ದಿ ಓದದೆ ಇಳಿಯಬಾರದು. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳುದ್ದ. ನೀರಿಗಿಳಿದು ನಡೆಯುವಾಗ ಕೋಲಿನಿಂದ ತಳ ಮುಟ್ಟಿಯೇ ಹೆಜ್ಜೆ, ಜಾಕೆಟ್ ದಂಡೆಯಲ್ಲೂ ಬಿಚ್ಚುವಂತಿಲ್ಲ. ತುಂಗಭದ್ರೆಯಲ್ಲಿ ಮೊಸಳೆ ಇದೆ. ಎಲ್ಲಿ ಕಂಡಿದೆ ಅಂತ ಹೇಳಬಲ್ಲವರು ಮೀನುಗಾರರೇ. ಬಾಂದಾರದ (ಹೊಳೆಗೆ ಅಡ್ಡ ಕಟ್ಟಿದ ಒಡ್ಡು) ಹತ್ತಿರವಂತೂ, ನೀರು ಅದರ ಮೇಲೆ ಹರಿಯುತ್ತಿದ್ದರೆ, ಕಸ ಎಷ್ಟೇ ಇರಲಿ ಹೋಗಬೇಡಿ. ಅದರ ಬುಡದ ಸುಳಿ ಬಾಟಲಿಯನ್ನು ದಿನಗಟ್ಟಲೆ ಅಲ್ಲೇ ತಿರುಗಿಸುತ್ತದೆ, ಮನುಷ್ಯನನ್ನೂ.

ದಂಡೆ ಸೇರಿದ ಮೇಲೆ ಅರ್ಧ ಕೆಲಸ ಬಾಕಿ. ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಕಸ ವಿಂಗಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕೆಸರು ಮೆತ್ತಿದ ರಾಶಿ ತಂದು ಸುರಿದರೆ ಅವರ ಕೈಗೆ ನಮ್ಮ ಕೆಲಸ ದಾಟಿಸಿದಂತೆ, ಅಷ್ಟೇ. ಟಾರ್ಪಾಲಿನ ಮೇಲೆ ಹರವಿ ಎರಡು ತಾಸು ಬಿಸಿಲಿಗೆ ಬಿಟ್ಟು, ಮರಳು ಕೊಡವಿ, ಐದು ಪಾಲು ಮಾಡುತ್ತೇವೆ: ಬಾಟಲಿ, ಗಾಜು, ಬಟ್ಟೆ, ಪೊಟ್ಟಣ, ವಿಷದ ಡಬ್ಬಿ. ಬಾಟಲಿ, ಗಾಜಿಗೆ ಗುಜರಿಯಲ್ಲಿ ಬೆಲೆ ಇದೆ. ಪೊಟ್ಟಣ ಪದರ ಪದರವಾಗಿ ಅಂಟಿಸಿದ್ದು, ಬೇರ್ಪಡುವುದಿಲ್ಲ; ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಉರಿಗೆ ಹೋಗುತ್ತದೆ. ದಂಡೆಯಲ್ಲಿ ರಾಶಿಗಟ್ಟಲೆ ಸಿಗುವ ಮದ್ಯದ ಸಣ್ಣ ಕಾಗದದ ಪ್ಯಾಕು ಕೂಡ ಪದರ ಪದರದ್ದೇ, ಕಾಗದ ಅನ್ನುವುದು ಅದರಲ್ಲಿ ಒಂದು ಪದರ ಮಾತ್ರ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಕರ್ನಾಟಕದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ. ಸಂಕ್ರಾಂತಿಯ ಬುತ್ತಿಗೆ ಅದು ತಿಳಿದಂತಿಲ್ಲ. ವಿಷದ ಡಬ್ಬಿಗಳನ್ನು ಗುಜರಿಗೆ ಕೊಡಲೇಬೇಡಿ, ತೊಳೆದು ಎಣ್ಣೆ ತುಂಬಿಸುವವರ ಕೈಗೆ ಹೋದೀತು. ಒಳಗೆ ಏನೂ ಉಳಿಯದ್ದಕ್ಕೆ ತೂತು ಹೊಡೆದು, ಎಲ್ಲದರ ಮೇಲೂ ವಿಷದ್ದೆಂದು ಬರೆದು, ಸಂಕೀರ್ಣದವರಿಗೆ ಕೈಯಾರೆ ಒಪ್ಪಿಸುವುದು.

ಕೊನೆಗೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆತ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಗಾಯದ ಮೂಲಕ ಬರುತ್ತದೆ, ಹಾಗಾಗಿ ಗೀರು ಇದ್ದವರಿಗೆ ಅವತ್ತು ದಂಡೆಯ ಕೆಲಸ. ಧನುರ್ವಾಯುವಿನ ಚುಚ್ಚುಮದ್ದು ಎಲ್ಲರದೂ ಆಗಿರಲಿ. ದೋಣಿಯನ್ನು ಮಗುಚಿ ಒಣಗಿಸಿ, ಕಯಾಕಿನ ನೀರಿಳಿಯುವ ತೂತುಗಳಲ್ಲಿ ಸಿಕ್ಕ ಜೊಂಡು, ಎಲೆ ಕಿತ್ತು ತೆಗೆಯಬೇಕು. ಅದೇ ಕಯಾಕ್ ಹಿಂದಿನ ವಾರ ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಇಳಿದಿದ್ದರಂತೂ ಇಲ್ಲಿ ಇಳಿಸುವ ಮುನ್ನವೇ ಈ ಕೆಲಸ ಆಗಬೇಕು: ಅಂತರಗಂಗೆ ಕಳೆಯ ಬೆರಳುದ್ದದ ಒಂದು ತುಂಡು ಆಸನದ ಅಡಿ ಹಸಿಯಾಗಿ ಉಳಿದರೂ ಸಾಕು, ಹೊಸ ನೀರಲ್ಲಿ ಅದು ಚಿಗುರುತ್ತದೆ.