ಗರಗಸ ವಿಚಾರಿಸಿದರೆ ಪ್ಯಾಂಟಿನ ಮಾತು

ಸೌದೆ ಕೊಯ್ಯಲು ಯಾವ ಚೈನ್‌ಸಾ, ಅಂದರೆ ಎಂಜಿನ್ನಿನ ಸರಪಳಿ ಗರಗಸ, ಒಳ್ಳೆಯದೆಂದು ಇಲ್ಲಿ ಜರ್ಮನಿಯಲ್ಲಿ ಪಕ್ಕದ ಮನೆಯ ಹಿರಿಯರನ್ನು ಕೇಳಿದೆ. ಅವರು ಯಾವ ಕಂಪನಿಯ ಹೆಸರನ್ನೂ ಹೇಳದೆ, "ಅದನ್ನು ಹಿಡಿಯುವವರಿಗೆ ಪ್ಯಾಂಟು ಇದೆಯೇ?" ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ಚೈನ್‌ಸಾ ತಯಾರಿಸುವ ಸ್ಟಿಲ್ ಕಂಪನಿ 1926ರಲ್ಲಿ ಹುಟ್ಟಿದ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ನಾನು ವಾಸವಾಗಿರುವುದರಿಂದ, ಮದ್ದೂರಿನ ಬಳಿ ನಮ್ಮ ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗನಿಗೆ ನನ್ನ ಮಾತೆಂದರೆ ಕಂಪನಿಯವರ ಮಾತೇ. ಕಡಿದು ಹಾಕಿರುವ ಬೇವು, ಜಾಲಿಗಳನ್ನು ಸೌದೆ ಮಾಡಲು ಅವನಿಗೊಂದು ನಂಬಿಕೆಯ ಯಂತ್ರ ಬೇಕಿತ್ತು.

ಹಿರಿಯರು ಹೇಳಿದ ಪ್ಯಾಂಟಿನ ಮುಂಭಾಗದಲ್ಲಿ ಉದ್ದನೆಯ ಸಡಿಲ ನಾರುಗಳ ಹಲವು ಪದರಗಳಿರುತ್ತವೆ. ಓಡುತ್ತಿರುವ ಸರಪಳಿ ತೊಡೆಗೆ ತಗುಲಿದರೆ ಆ ನಾರುಗಳು ಕಿತ್ತುಬಂದು, ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಸರಪಳಿಯನ್ನು ಅಲ್ಲೇ ನಿಲ್ಲಿಸುತ್ತವೆ. ಮೊದಲ ದರ್ಜೆಯ ಪ್ಯಾಂಟನ್ನು ಸೆಕೆಂಡಿಗೆ 20 ಮೀಟರ್ ವೇಗದ ಸರಪಳಿಗೆ ಒಡ್ಡಿ ಪರೀಕ್ಷಿಸುತ್ತಾರೆ. ಇಲ್ಲಿ ಸರ್ಕಾರಿ ಕಾಡಿಗೆ ಹೋಗಿ ಮನೆಗೆ ಬೇಕಾದ ಸೌದೆ ಕೊಯ್ದುಕೊಳ್ಳುವವರೂ ಸಾಮಾನ್ಯವಾಗಿ ಚೈನ್‌ಸಾ ತರಬೇತಿಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ನಿವೃತ್ತಿಯಾದ ಮೇಷ್ಟರೊಬ್ಬರು ನಾಲ್ಕು ತುಂಡು ಬೀಚ್ ಮರಕ್ಕಾಗಿ ಪರೀಕ್ಷೆಗೆ ಕೂರುವುದು ನನಗೆ ಮೊದಮೊದಲು ತಮಾಷೆಯಾಗಿ ಕಾಣುತ್ತಿತ್ತು.

ಇದನ್ನೆಲ್ಲ ಫೋನಿನಲ್ಲಿ ವಿವರಿಸಿದಾಗ ತಮ್ಮ, "ಎಷ್ಟು ಸಿಸಿ ತಗೋಬೇಕು ಅಂತ ಹೇಳಣ್ಣ, ಬಟ್ಟೆ ಮಾತು ಆಮೇಲೆ" ಎಂದ. ಅವನು ಕಳಿಸಿದ ವಿಡಿಯೋದಲ್ಲಿ ಆಳೊಬ್ಬ ಲುಂಗಿ ಎತ್ತಿಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತು, ಅಡ್ಡಬಿದ್ದ ತೆಂಗಿನ ಮರವನ್ನು ಕೊಯ್ಯುತ್ತಿದ್ದ. ಮರದ ಪುಡಿ ನೇರವಾಗಿ ಅವನ ಕಣ್ಣಿಗೇ ಹಾರುತ್ತಿತ್ತು. ಊರಿನಲ್ಲಿ ಯಂತ್ರ ಕೊಳ್ಳುವವರು ಒಬ್ಬರು, ಹಿಡಿಯುವವರು ಇನ್ನೊಬ್ಬರು; ಆದ್ದರಿಂದಲೇ ವಿಚಾರಣೆಯೆಲ್ಲ ಬೆಲೆ ಮತ್ತು ಸಿಸಿಯ ಸುತ್ತಲೇ ನಡೆಯುತ್ತದೆ ಎಂದು ನನಗನ್ನಿಸುತ್ತದೆ. ಕೊನೆಗೆ ತಮ್ಮ ಒಪ್ಪಿ, ಪ್ಯಾಂಟಿಗೆಂದು ತನ್ನ ಸೊಂಟದ ಅಳತೆ ಕಳಿಸಿದ. ಆ ಆಳಿನ ಅಳತೆ ಕಳಿಸು ಎಂದು ತಿರುಗಿ ಬರೆಯಬೇಕಾಯಿತು.

ಯಂತ್ರದ ವಿಷಯದಲ್ಲಿ ಹಿರಿಯರ ಅಭಿಪ್ರಾಯ ಸ್ಪಷ್ಟವಾಗಿತ್ತು. ಮನೆಯ ಸೌದೆಗೆ 40ರಿಂದ 50 ಸಿಸಿಯ ಎಂಜಿನ್ ಮತ್ತು 16 ಅಂಗುಲದ ಬಾರ್ (ಸರಪಳಿ ಸುತ್ತ ಓಡುವ ಉದ್ದನೆಯ ಪಟ್ಟಿ) ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದಾದರೆ ತೋಳು ಬೇಗ ಸೋಲುತ್ತದೆ, ಸೋತ ತೋಳಿನಲ್ಲಿ ಗರಗಸ ಹತೋಟಿಯಲ್ಲಿರುವುದಿಲ್ಲ. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಚಿಮ್ಮುತ್ತದೆ. ಹಾಗೆ ಚಿಮ್ಮಿದಾಗ ಮುಂದಿನ ಕೈಕಾಪು ಮುಂದಕ್ಕೆ ಬಾಗಿ ಸರಪಳಿಯನ್ನು ತಡೆಯುವ ಬ್ರೇಕ್ ಇಲ್ಲದ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬಾರದು. ಇನ್ನು ಪೆಟ್ರೋಲಿನ ವಿಚಾರ ನಮ್ಮವರಿಗೆ ಹೊಸದಲ್ಲ. ಟಿವಿಎಸ್ ಮೊಪೆಡ್‌ಗೆ ಟೂ-ಟಿ ಆಯಿಲ್ ಬೆರೆಸಿ ಹಾಕಿಸಿದವರಿಗೆ ಗರಗಸದ 50:1 ಲೆಕ್ಕ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್, ಸುಲಭವಾಗಿ ಅರ್ಥವಾಗುತ್ತದೆ. ಸರಪಳಿಗೆ ಹಾಕುವ ಎಣ್ಣೆ ಮಾತ್ರ ಬೇರೆಯದು, ಅದರ ಟ್ಯಾಂಕೂ ಬೇರೆ. ಬ್ಯಾಟರಿಯ ಗರಗಸ ಕೊಂಬೆ ಸವರಲು ಚೆನ್ನ. ದಿನವಿಡೀ ಜಾಲಿಯ ಬೊಡ್ಡೆ ಕೊಯ್ಯುವವರಿಗೆ ನಾನು ಅದನ್ನು ಹೇಳಲಾರೆ.

ಸ್ಟಿಲ್ ಆಗಲಿ, ಸ್ವೀಡನ್ನಿನ ಹಸ್ಕ್‌ವರ್ನಾ ಆಗಲಿ, ಇಲ್ಲಿಂದ ಹೊತ್ತು ತರುವುದಕ್ಕೆ ನಾನು ಒಪ್ಪಲಿಲ್ಲ. ಸರಪಳಿ, ಬಾರ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್‌ಗಳನ್ನು ಇಟ್ಟುಕೊಂಡು ರಿಪೇರಿಯನ್ನೂ ಮಾಡಿಕೊಡುವ ಅಂಗಡಿ ಮಂಡ್ಯದಲ್ಲೋ ಮೈಸೂರಿನಲ್ಲೋ ಯಾವ ಕಂಪನಿಗೆ ಇದೆಯೋ, ಅದೇ ಅವನ ಪಾಲಿಗೆ ನಂಬಿಕೆಯ ಕಂಪನಿ.

ನಮ್ಮ ತಂದೆ ಸೌದೆ ಒಡೆಸುವ ಹಿಂದಿನ ದಿನ ಕೊಡಲಿಯನ್ನು ಊರಿನ ಕುಲುಮೆಗೆ ಕಳಿಸಿ ತಟ್ಟಿಸಿ ತರಿಸುತ್ತಿದ್ದರು; ಬಾಯಿ ಮೊಂಡಾದ ಕೊಡಲಿಯನ್ನು ಆಳಿನ ಕೈಗೆ ಕೊಟ್ಟರೆ ಅದು ಕಾಲಿಗೆ ಬೀಳುತ್ತದೆ ಎನ್ನುತ್ತಿದ್ದರು. ಆ ಕುಲುಮೆ ಈಗಿಲ್ಲ. ಚೈನ್‌ಸಾ ಮೊಂಡಾಯಿತೆಂಬುದು ಅದು ಉದುರಿಸುವ ಮರದಿಂದಲೇ ತಿಳಿಯುತ್ತದೆ: ಹರಿತವಾಗಿದ್ದರೆ ಚಕ್ಕೆ ಬೀಳುತ್ತದೆ, ಇಲ್ಲವಾದರೆ ಹಿಟ್ಟು. ಹಿಟ್ಟು ಕಂಡೊಡನೆ ನಿಲ್ಲಿಸಿ ದುಂಡನೆಯ ಅರದಿಂದ ಪ್ರತಿ ಹಲ್ಲನ್ನೂ ಒಂದೇ ಕೋನದಲ್ಲಿ ಉಜ್ಜಬೇಕು. ಸರಪಳಿಗೆ ತಕ್ಕಂತೆ ಆ ಅರ 4 ಮಿಲಿಮೀಟರೋ 4.8 ಮಿಲಿಮೀಟರೋ ಆಗಿರುತ್ತದೆ. ಯಂತ್ರ ಕೊಂಡ ಮೇಲೆ ಸರಪಳಿಯ ಅಳತೆ ತಿಳಿಸಲು ತಮ್ಮನಿಗೆ ಹೇಳಿದ್ದೇನೆ. ಅರ ಹಿಡಿಯುವ ಕ್ರಮವನ್ನು ವಿಡಿಯೋ ಕರೆಯಲ್ಲಿ ಆ ಆಳಿಗೇ ತೋರಿಸಿಕೊಡಲು ಪಕ್ಕದ ಮನೆಯ ಹಿರಿಯರು ಒಪ್ಪಿಕೊಂಡಿದ್ದಾರೆ, ಕನ್ನಡಕ್ಕೆ ತರುವ ಕೆಲಸ ನನ್ನದು.