ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತದೆ

ಮಳವಳ್ಳಿ ಕಡೆಯ ಒಂದು ಚಾಕಿ ಕೇಂದ್ರದಲ್ಲಿ ನನ್ನ ಕೆಲಸ. ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಕಳಚುವುದು, ಮುಗಿಯುವವರೆಗೆ ಸಾಕಿ ರೈತರಿಗೆ ಕೊಡುತ್ತೇವೆ. ಹೊಸದಾಗಿ ಸೇರುವವರಿಗೆಲ್ಲ ಹುಳು ನೋಡುವ ಆಸೆ. ನಾನು ಮಾತ್ರ ಮೊದಲು ಅವು ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಚೀಲ ತೋರಿಸುತ್ತೇನೆ. ಒತ್ತಿ ತುಂಬಿದ ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ.

"ಬಿಸಿಲಲ್ಲಿ ಇಟ್ಟಿದ್ರಾ ಅಣ್ಣ?" ಅಂತ ಕೇಳುತ್ತಾರೆ. ನೆರಳಲ್ಲಿಟ್ಟರೂ ಹಾಗೇ ಆಗುತ್ತದೆ. ಕಿತ್ತ ತಕ್ಷಣ ಎಲೆ ಸಾಯುವುದಿಲ್ಲ. ಗಿಡದಲ್ಲಿದ್ದಾಗ ಅದು ಬೆಳಕಿನ ಬಲದಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಸೇರಿಸಿ ಸಕ್ಕರೆ ಮಾಡುತ್ತಿತ್ತು. ಚೀಲದ ಕತ್ತಲಲ್ಲಿ ಆ ಸಂಪಾದನೆ ನಿಲ್ಲುತ್ತದೆ, ಉಸಿರಾಟದ ಖರ್ಚು ನಿಲ್ಲುವುದಿಲ್ಲ. ಕೂಡಿಟ್ಟ ಸಕ್ಕರೆ ಕರಗುತ್ತಾ ಶಾಖ ಬಿಡುತ್ತದೆ. ಶಾಖ ಏರಿದಷ್ಟೂ ಉಸಿರಾಟ ಜೋರಾಗುತ್ತದೆ. ಹುಳುವಿನ ಹೊಟ್ಟೆಗೆ ಹೋಗಬೇಕಾದ್ದು ಚೀಲದಲ್ಲೇ ಮುಗಿಯುತ್ತದೆ. ಅದಕ್ಕೇ ಸೊಪ್ಪು ಬಂದ ಕೂಡಲೇ ಸಡಿಲವಾಗಿ ಹರಡಿ, ಒದ್ದೆ ಗೋಣಿತಾಟು ಮುಚ್ಚುತ್ತೇವೆ.

ನೀರಿನ ಲೆಕ್ಕ ಬೇರೆ. ಹಿಪ್ಪುನೇರಳೆ ಎಲೆಯ ಮೇಲ್ಭಾಗಕ್ಕೆ ಮೇಣದ ತೆಳು ಪದರ ಇರುತ್ತದೆ. ಉಸಿರಾಟದ ರಂಧ್ರಗಳು, ಅಂದರೆ ಪತ್ರರಂಧ್ರಗಳು, ಇರುವುದು ಹೆಚ್ಚಾಗಿ ಕೆಳಗಡೆ. ಹಗಲು ಅವು ತೆರೆದಾಗ ಗಾಳಿ ಒಳಗೆ ಬರುತ್ತದೆ, ನೀರು ಆವಿಯಾಗಿ ಹೋಗುತ್ತದೆ. ರಾತ್ರಿ ಅವು ಬಹುಪಾಲು ಮುಚ್ಚಿರುತ್ತವೆ, ಬೇರು ನೀರು ತುಂಬಿಸುತ್ತದೆ. ಹಾಗಾಗಿ ಬೆಳಗಿನ ಸೊಪ್ಪಲ್ಲಿ ನೀರು ಜಾಸ್ತಿ, ಸಂಜೆ ಸೊಪ್ಪಲ್ಲಿ ಸಕ್ಕರೆ ಮತ್ತು ಪಿಷ್ಟ ಜಾಸ್ತಿ. ಎಳೆ ಹುಳುವಿಗೆ ನೀರೇ ಮುಖ್ಯ. ನಾವು ಚಾಕಿಗೆ ಬೆಳಗಿನ ತಂಪಲ್ಲೇ ಕೊಯ್ಯುವುದು ಇದಕ್ಕೆ. ಮಧ್ಯಾಹ್ನ ಕೊಯ್ದು ತಂದು ನೀರು ಚಿಮುಕಿಸಿದರೆ ಸರಿಹೋಗುತ್ತೆ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ಸುಮ್ನೆ ಆ ಸೊಪ್ಪನ್ನು ಪಕ್ಕಕ್ಕಿಡುತ್ತೇನೆ.

ಯಾವ ಎಲೆ ಅನ್ನುವುದೂ ಕಣ್ಣಿಗೆ ಅಭ್ಯಾಸ ಆಗಬೇಕು. ಕುಡಿಯ ಕೆಳಗೆ ಅಗಲವಾಗಿ ಹೊಳೆಯುವ ಎಲೆ ಹುಡುಕಿ, ಆಗಷ್ಟೇ ಮೊಟ್ಟೆಯಿಂದ ಬಂದ ಹುಳುಗೆ ಅದೇ ಸರಿ. ತೆಂಗಿನ ನೆರಳಲ್ಲಿ ಬೆಳೆದ ಎಲೆ ದೊಡ್ಡದಾಗಿ ಕಾಣಿಸಿ ಮೋಸ ಮಾಡುತ್ತದೆ. ಬೆಳಕು ಕಡಿಮೆ ಸಿಕ್ಕಿ ಅದು ತೆಳ್ಳಗಾಗಿರುತ್ತದೆ. ಮೇಲ್ಪದರದ ಕೆಳಗೆ ಒತ್ತಾಗಿ ನಿಲ್ಲುವ ಹಸಿರು ಕೋಶಗಳ ಸಾಲು ಅದರಲ್ಲಿ ಗಿಡ್ಡ. ಸಕ್ಕರೆ ತಯಾರಾಗುವುದು ಹೆಚ್ಚಾಗಿ ಅಲ್ಲೇ ಅಲ್ವಾ?

ತೋಟ ಎಲ್ಲ ಒಂದೇ ಥರ ಇರಬೇಕಾದರೆ ಬೀಜ ಹಾಕಬಾರದು. ಬಹುತೇಕ ಹಿಪ್ಪುನೇರಳೆ ಗಿಡಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಗಿಡದಲ್ಲಿ ಬಿಡುತ್ತವೆ. ಪರಾಗ ಗಾಳಿಯಲ್ಲಿ ಹೋಗುತ್ತದೆ. ಬೀಜದ ಸಸಿ ಒಂದೊಂದು ಒಂದೊಂದು ಗುಣದ್ದು. ಹೊಸ ತಳಿ ಹುಡುಕುವವರಿಗೆ ಅದು ಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೊಟ್ಟ ವಿ-1 ತಳಿಯನ್ನು ನಾವು ಕಡ್ಡಿಯಿಂದಲೇ ನೆಡುತ್ತೇವೆ. ಮೂರ್ನಾಲ್ಕು ಕಣ್ಣು ಇರುವ, ಬಲಿತ ಕಡ್ಡಿ ಸಾಕು. ಕಣ್ಣು ಮೇಲ್ಮುಖವಾಗಿರಬೇಕು, ಅದನ್ನು ಮಾತ್ರ ನೋಡಿಕೊಳ್ಳಿ.