ಬಾರದ ವಿಳಾಸಕ್ಕಾಗಿ
ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಹಾಕಿರುವ ನಮ್ಮ ಸರ್ವರ್ ಆನ್ ಮಾಡಿದಾಗಲೆಲ್ಲ 2 ನಿಮಿಷ ನಿಂತುಬಿಡುತ್ತಿತ್ತು. ಕಪ್ಪು ಪರದೆಯಲ್ಲಿ ನೆಟ್‌ವರ್ಕಿಗಾಗಿ ಕಾಯುತ್ತಿರುವುದಾಗಿ ಒಂದೇ ಸಾಲು, ಪಕ್ಕದಲ್ಲಿ ಅತ್ತಿಂದಿತ್ತ ಓಡಾಡುವ ಕೆಂಪು ನಕ್ಷತ್ರಗಳು. ಆನ್ ಆಗುವಾಗ ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಪಟ್ಟಿ ಮಾಡುವ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಆಜ್ಞೆಯನ್ನು ಇಂದು ಬೆಳಿಗ್ಗೆ ಕೊಟ್ಟು ನೋಡಿದೆ. ಪಟ್ಟಿಯ ಮೊದಲಲ್ಲೇ, ನೆಟ್‌ವರ್ಕ್ ಸಿದ್ಧವಾಗುವವರೆಗೆ ಕಾಯುವ ಸೇವೆಯಾದ ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್ ಕುಳಿತಿತ್ತು. ಯಂತ್ರದ ಹಿಂದೆ ಕೈಯಾಡಿಸಿದರೆ ಎರಡು ನೆಟ್‌ವರ್ಕ್ ಪೋರ್ಟ್, ಕೇಬಲ್ ಒಂದಕ್ಕೆ ಮಾತ್ರ! ಖಾಲಿ ಪೋರ್ಟಿಗೂ ಡಿಎಚ್‌ಸಿಪಿ, ಅಂದರೆ ನೆಟ್‌ವರ್ಕಿನಿಂದ ತಾನಾಗಿ ವಿಳಾಸ ಪಡೆದುಕೋ, ಎಂದು ಬರೆದಿಟ್ಟಿದ್ದರಿಂದ, ಬಾರದ ವಿಳಾಸಕ್ಕಾಗಿ ಯಂತ್ರ 120 ಸೆಕೆಂಡು ದಾರಿ ಕಾಯುತ್ತಿತ್ತು. ಕಾಯುವ ಆ ಸೇವೆಯನ್ನೇ ನಿಲ್ಲಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ನೆಟ್‌ವರ್ಕಿನಲ್ಲಿರುವ ಡ್ರೈವ್ ಜೋಡಿಸಿಕೊಳ್ಳಲು ಅದು ಬೇಕು. ನೆಟ್‌ವರ್ಕ್ ಸೆಟ್ಟಿಂಗ್ ಬರೆದಿಡುವ ನೆಟ್‌ಪ್ಲಾನ್ ಫೈಲಿನಲ್ಲಿ ಆ ಖಾಲಿ ಪೋರ್ಟಿನ ಕೆಳಗೆ ‘ಆಪ್ಷನಲ್: ಟ್ರೂ’, ಅಂದರೆ ಇದಕ್ಕಾಗಿ ಕಾಯಬೇಕಿಲ್ಲ, ಎಂದು ಸೇರಿಸಿದೆ, ಅಷ್ಟೇ. ಇಷ್ಟು ದಿನ ಕೆಟ್ಟಿದೆ ಎಂದುಕೊಂಡಿದ್ದ ಯಂತ್ರ ಹೇಳಿದ ಮಾತನ್ನು ಪಾಲಿಸುತ್ತಿತ್ತು ಎಂದು ತಿಳಿದಾಗ ಅದರ ಮೇಲೆ ಅಕ್ಕರೆಯೇ ಬಂತು.